ಚಿಮಣಿ ದೀಪದ ಹಿಂದೆ ಅಡಗಿದಾಗ

ನೀಲಿ ಕೋಟಿನ ತೋಳನ್ನು ಹೆಗಲಿಗೆ ಕೂಡಿಸಿ ಹೊಲಿಗೆ ಮಿಷನ್ನಿನ ಸೂಜಿಯ ಕೆಳಗೆ ನಿಧಾನವಾಗಿ ತಿರುಗಿಸುತ್ತಿದ್ದಳು ಅವಳು. ಊಟದ ಮೇಜಿನ ತುಂಬ ನೀಲಿ ಬಟ್ಟೆ. ಮುಗಿದ ಕೋಟುಗಳು ಕುರ್ಚಿಗಳ ಬೆನ್ನಿಗೆ ತೂಗುತ್ತಿದ್ದವು, ತಲೆಯಿಲ್ಲದ ಮಕ್ಕಳು ಊಟಕ್ಕೆ ಕಾದು ಕೂತ ಹಾಗೆ. ಬಚ್ಚಲುಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗಂಡ ಗಡ್ಡ ಹೆರೆದುಕೊಳ್ಳುತ್ತ ದೋಣಿದಾರಿಯ ಗುರುತುಗಳನ್ನು ಹೇಳಿಕೊಳ್ಳುತ್ತಿದ್ದ. ಮದುವೆಯಾದಂದಿನಿಂದ ಅವಳು ಕೇಳುತ್ತ ಬಂದ ಬೆಳಗಿನ ಸದ್ದು ಅದು. ನಲ್ಲಿಯ ನೀರಿನ ಸದ್ದಿಗಿಂತ ಹೆಚ್ಚು ಕಿವಿಗೊಡಬೇಕಾದದ್ದೇನೂ ಅದರಲ್ಲಿರಲಿಲ್ಲ, ಈಚಿನವರೆಗೆ.

“ನೀರಿನ ತೊಟ್ಟಿ ಬೆನ್ನಿಗಿರಲಿ. ಗಂಟೆಗೋಪುರ ಬಲಗಿವಿಗಿರಲಿ. ಚಿಮಣಿ ದೀಪದ ಹಿಂದೆ ಅಡಗಿತೋ, ಬಲಕ್ಕೆ ಎಳೆ.”

ಮಿಷನ್ನಿನ ಚಕ್ರದ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

“ಎಡಕ್ಕೆ,” ಎಂದಳು ತಲೆಯೆತ್ತದೆ, ‘ಸ್ವಲ್ಪ ಉಪ್ಪು ಕೊಡಿ’ ಎನ್ನುವಷ್ಟು ಹಗುರಾಗಿ.

“ಅದನ್ನೇ ಅಲ್ವೇನೆ ನಾನು ಹೇಳಿದ್ದು?”

“ಹೂಂ. ಮಿಷನ್ ಸದ್ದಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲವೇನೋ.”

ಮಿಷನ್ನು ನಿಂತೇ ಇತ್ತು.

ಅವನು ಹೇಳಿದ್ದು ಸುಳ್ಳು ಗುರುತಲ್ಲ. ಆ ಮಾತು ಹಿಂದಿರುಗಿ ಬರುವಾಗಿನದು. ಬಂದರಿನಿಂದ ಹೊರಗೆ ಹೋಗುವಾಗ ಇಟ್ಟಿಗೆ ಭಟ್ಟಿಯ ಚಿಮಣಿ ದೀಪಸ್ತಂಭದ ಹಿಂದೆ ಅಡಗಿದ ಕೂಡಲೇ ಚುಕ್ಕಾಣಿಯನ್ನು ಎಡಕ್ಕೆ ಎಳೆಯಬೇಕು. ಬರುವಾಗ ಅದೇ ಜಾಗದಲ್ಲಿ ಬಲಕ್ಕೆ. ಹೋಗುವಾಗಲೇ ಬಲಕ್ಕೆ ಎಳೆದರೆ ಅಲ್ಲಿ ನೀರಿನ ಕೆಳಗೆ ಸಾಲಾಗಿ ಬಂಡೆಗಳಿವೆ. ಊರವರು ಅವನ್ನು ‘ಹಲ್ಲು’ ಎನ್ನುತ್ತಾರೆ. ಬೇರೆ ಮನೆತನಗಳು ನಕ್ಷೆ ನೋಡಿ ಕಲಿತಿದ್ದನ್ನು ಈ ಮನೆಯವರು ಬಾಯಿಂದ ಬಾಯಿಗೆ ಕಲಿತರು. ಬರೆದಿಡುವುದು ಅವಮಾನ ಅಂತ ಅವರ ನಂಬಿಕೆ. ಬರೆದದ್ದು ನೀರಲ್ಲಿ ನೆನೆಯುತ್ತೆ, ಬಾಯಲ್ಲಿದ್ದದ್ದು ನೆನೆಯಲ್ಲ ಎನ್ನುವುದು ಅವಳ ಮಾವನ ಮಾತು.

ನೂರು ವರ್ಷದ ಹಿಂದೆ ಅವಳ ಗಂಡನ ಮುತ್ತಜ್ಜ ಹನ್ನೊಂದು ಜನರನ್ನು ಕೂರಿಸಿಕೊಂಡು, ಹಾಯಿದೋಣಿಯಲ್ಲಿ ಆ ಹಲ್ಲುಗಳನ್ನು ದಾಟಿ, ಆಚೆ ನೆಲವಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ದಿಕ್ಕಿಗೆ ಹೋಗಿದ್ದ. ಸತ್ತರು ಎಂದು ಊರು ಅತ್ತು ಮುಗಿಸಿದ ಮೇಲೆ ಎಲ್ಲರನ್ನೂ ಜೀವಂತ ಕರೆತಂದಿದ್ದ. ಆ ಯಾನದ ನೂರನೇ ವರ್ಷವನ್ನು ಈ ಭಾನುವಾರ ಊರು ಆಚರಿಸುವುದಿತ್ತು. ಅಂಥದ್ದೇ ದೋಣಿ ಕಟ್ಟಿಸಿದ್ದರು. ಹನ್ನೊಂದು ಶಾಲಾ ಮಕ್ಕಳು ಹನ್ನೊಂದು ನಾವಿಕರು. ಚುಕ್ಕಾಣಿ ಮರಿಮಗನ, ಅಂದರೆ ಅವಳ ಗಂಡನ, ಕೈಯಲ್ಲಿ. ಮಕ್ಕಳಲ್ಲಿ ಒಬ್ಬಳು ಅವಳ ಮಗಳ ಮಗಳು. ಬಾಯಿ ಮುಚ್ಚುವುದೇ ಗೊತ್ತಿಲ್ಲದ ಅವಳನ್ನು ಮನೆಯಲ್ಲಿ ಎಲ್ಲರೂ ‘ರೇಡಿಯೊ’ ಎಂದು ಕರೆಯುತ್ತಿದ್ದರು. ಈಗ ಸೂಜಿಯ ಕೆಳಗಿದ್ದದ್ದು ರೇಡಿಯೊಳ ಕೋಟಿನ ತೋಳು.

ಗಂಡ ಮುಖ ಒರೆಸಿಕೊಳ್ಳುತ್ತ ಬಂದ. ಒಂದು ಕೆನ್ನೆ ನುಣುಪಾಗಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು.

“ರೀ, ಈ ಕಡೆ ಬಿಟ್ಟುಬಿಟ್ರಿ.”

“ನಿನ್ನನ್ನ ಪರೀಕ್ಷೆ ಮಾಡ್ದೆ ಕಣೆ, ನನ್ನ ಮುಖ ನೋಡ್ತೀಯೋ ಇಲ್ವೋ ಅಂತ,” ಎಂದು ನಕ್ಕು ಮತ್ತೆ ಬಚ್ಚಲಿಗೆ ಹೋದ. ಅವಳೂ ನಕ್ಕಳು. ಅವನ ನಗು ಎಂದಿನದೇ ಆಗಿತ್ತು. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಮೊದಮೊದಲು ಸಣ್ಣ ಸಣ್ಣ ಸಂಗತಿಗಳು. ಒಂದೇ ಬೆಳಗ್ಗೆ ಎರಡು ಸಲ ಪೇಪರ್ ಕೊಂಡು ತಂದ. ಹಡಗುಗಳಿಗೆ ಬಂದರಿನ ದಾರಿ ತೋರಿಸುವ ಪೈಲಟ್ ಕೆಲಸದಿಂದ ನಿವೃತ್ತನಾದ ಮೇಲೂ ಒಂದು ದಿನ ಯೂನಿಫಾರ್ಮ್ ಹಾಕಿಕೊಂಡು ಹೋಗಿ, ಹಡಗಿಗೆ ಒಯ್ಯುವ ಮೋಟಾರು ಲಾಂಚಿಗಾಗಿ ಜೆಟ್ಟಿಯ ಮೇಲೆ ಕಾದ. ಅಲ್ಲಿನ ಹುಡುಗರು ಅದನ್ನು ತಮಾಷೆ ಎಂದುಕೊಂಡರು, ಅವನೂ ಹಾಗೇ ಆಡಿದ. ಮಾತಿನ ನಡುವೆ ಒಂದು ಪದಕ್ಕೆ ತಡಕಾಡಿದಾಗ ಅವಳು ಎತ್ತಿಕೊಡುತ್ತಿದ್ದಳು, ಕೆಳಗೆ ಬಿದ್ದ ಚಮಚ ಎತ್ತಿಕೊಡುವ ಹಾಗೆ. ಮೂವತ್ತು ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಿದರೆ ಯಾರು ತಾನೇ ಅನುಮಾನಪಡುತ್ತಾರೆ? ಡಾಕ್ಟರ ಹತ್ತಿರ ಹೋಗೋಣ ಎಂದರೆ ‘ಯಾಕೆ, ನಿನಗೆ ಮೈ ಸರಿಯಿಲ್ವಾ?’ ಎಂದು ಅವಳ ಹಣೆ ಮುಟ್ಟಿ ನೋಡುತ್ತಿದ್ದ.

ಆ ದಿನ ಬೆಳಗ್ಗೆಯೇ ಉತ್ಸವ ಸಮಿತಿಯ ಸಭೆ. ಸಮಿತಿಯ ಅಧ್ಯಕ್ಷರು ಹಲ್ಲಿನ ಡಾಕ್ಟರು. ಸಭೆ ಅವರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲೇ. ಗೋಡೆಯ ಮೇಲೆ ಹುಳುಕು ಹಲ್ಲಿನ ದೊಡ್ಡ ಚಿತ್ರ, ಅದರ ಕೆಳಗಿನ ಬೆಂಚಿನಲ್ಲಿ ದೋಣಿ ಕಟ್ಟಿದ ಬಡಗಿ, ಮಕ್ಕಳಿಗೆ ಹಾಡು ಕಲಿಸುವ ಟೀಚರ್, ಗಂಡ, ಅವಳು.

“ಇಂಜಿನ್ ಬೇಡ, ದಿಕ್ಸೂಚಿ ಬೇಡ,” ಎಂದರು ಡಾಕ್ಟರು. “ಅವತ್ತು ಹೇಗೆ ಹೋದ್ರೋ ಹಾಗೇ ಹೋಗ್ಬೇಕು. ಹಲ್ಲು ದಾಟಿ ಒಂದು ಸುತ್ತು, ವಾಪಸ್. ಅಷ್ಟೇ.”

“ಊರಿನವರ ಹಲ್ಲೆಲ್ಲ ಕಿತ್ತಾಕಿದ್ರಿ ಡಾಕ್ಟ್ರೇ,” ಎಂದ ಬಡಗಿ. “ಅದೊಂದು ಮಾತ್ರ ನಿಮ್ಮ ಕೈಗೆ ಸಿಗಲಿಲ್ಲ ನೋಡಿ.”

“ಅದಕ್ಕೆ ಚುಚ್ಚೋವಷ್ಟು ದೊಡ್ಡ ಸೂಜಿ ನನ್ನ ಹತ್ರ ಇಲ್ಲಪ್ಪಾ.”

ಎಲ್ಲರೂ ನಕ್ಕರು. ನಗು ಮುಗಿಯುವುದನ್ನೇ ಕಾದು ಅವಳು ಹೇಳಿದಳು: “ದೋಣಿ ಮುಂದೆ ಒಂದು ಲಾಂಚ್ ಹೋಗ್ಲಿ ಡಾಕ್ಟ್ರೇ. ದಾರಿ ತೋರಿಸಿಕೊಂಡು. ಮಕ್ಕಳಿರ್ತಾರೆ.”

ಗಂಡ ತಿರುಗಿ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಪಕ್ಕದಲ್ಲಿ ಕೂತಿರುವವಳು ಯಾರು ಎಂದು ಒಂದು ಗಳಿಗೆ ಯೋಚಿಸಿದ ಹಾಗಿತ್ತು.

“ಫೋಟೋದಲ್ಲಿ ಡೀಸೆಲ್ ಲಾಂಚ್ ಬಿದ್ರೆ ನಮ್ಮ ನೂರು ವರ್ಷ ನೀರುಪಾಲು ಅಮ್ಮಾ,” ಎಂದರು ಡಾಕ್ಟರು. “ಹಿಂದೆ, ದೂರದಲ್ಲಿ, ಒಂದು ಇಟ್ಟಿರ್ತೀವಿ. ಅಲ್ಲದೆ ಚುಕ್ಕಾಣಿ ಯಾರ ಕೈಯಲ್ಲಿದೆ ಹೇಳಿ? ನೀವೇ ಹೀಗೆ ಹೆದರಿದ್ರೆ ಹೇಗೆ! ಸಾರ್, ನೀವು ಹೇಳಿ, ಹಲ್ಲು ದಾಟೋಕೆ ಯಾವ ಹೊತ್ತು ಒಳ್ಳೇದು?”

“ಅದು...” ಎಂದ ಗಂಡ. “ನೀರು... ಅದೇ, ನೀರು ಹೀಗೆ...” ಅಂಗೈಯನ್ನು ಮೊಣಕಾಲಿನಿಂದ ಎದೆಯವರೆಗೆ ಎತ್ತಿದ. ಆ ಅಂಗೈ ಅಲ್ಲೇ ಗಾಳಿಯಲ್ಲಿ ನಿಂತಿತು.

“ಉಬ್ಬರ ತುಂಬಿ ನಿಂತಾಗ,” ಎಂದಳು ಅವಳು. “ಇದನ್ನ ಕೇಳಿ ಕೇಳಿ ನನ್ನ ಕಿವಿ ತೂತಾಗಿಹೋಗಿದೆ. ಇನ್ನೇನಾದ್ರೂ ಹೊಸದು ಕೇಳಿ ಡಾಕ್ಟ್ರೇ.”

“ನೋಡಿದ್ರಾ! ಚುಕ್ಕಾಣಿ ಯಜಮಾನರ ಕೈಯಲ್ಲಿ, ಬಾಯಿ ಅಮ್ಮನ ಹತ್ರ!”

ಮತ್ತೆ ನಗು. ಸಮುದ್ರದ ಮೇಲೆ ಬದುಕಿದವನಿಗೆ ಉಬ್ಬರ ಎಂಬ ಮಾತು ಹೋಗುವುದೆಂದರೆ ಏನು? ತನ್ನ ಹೆಸರು ಹೋದ ಹಾಗಲ್ಲವೇ? ಅದು ಹೋದದ್ದು ಈ ಕೋಣೆಯಲ್ಲಿ ಯಾರಿಗೂ ಕಾಣಲಿಲ್ಲ. ಕಾಣದ ಹಾಗೆ ಮುಚ್ಚಿದವಳು ತಾನೇ. ಅಷ್ಟು ಚುರುಕಾಗಿ, ಅಷ್ಟು ನಗುನಗುತ್ತ.

“ಹಾಗಾದ್ರೆ ಅಮ್ಮನೂ ದೋಣಿ ಹತ್ತಲಿ,” ಎಂದರು ಹಾಡಿನ ಟೀಚರ್.

“ಆ ಯಾನದಲ್ಲಿ ಹೆಂಗಸರಿರಲಿಲ್ಲ ಟೀಚರ್.”

“ಹುಡುಗಿಯರು ಹೋಗ್ತಿಲ್ವಾ?”

“ಕೋಟು ಟೋಪಿ ಹಾಕಿದ್ರೆ ಹುಡುಗ ಯಾರು ಹುಡುಗಿ ಯಾರು? ಅಮ್ಮನಿಗೆ ಹಾಗೆ ಆಗುತ್ತಾ?” ಎಂದು ಡಾಕ್ಟರು ಆ ಮಾತನ್ನು ಅಲ್ಲಿಗೇ ಮುಗಿಸಿದರು. ಕೊನೆಗೆ ಒಂದು ಹೊಸ ಯೋಜನೆ ಹೇಳಿದರು. ನಾಳೆ ಬೆಳಗ್ಗೆ ಜೆಟ್ಟಿಯಲ್ಲಿ ತಾಲೀಮು. ದೋಣಿ ಹಗ್ಗಕ್ಕೆ ಕಟ್ಟಿಯೇ ಇರುತ್ತದೆ. ಸಮಿತಿಯವರು, ಪೇಪರಿನವರು, ಮಕ್ಕಳ ತಂದೆತಾಯಿಯರು ಎಲ್ಲ ಬರುತ್ತಾರೆ. ಯಜಮಾನರು ಮೈಕಿನಲ್ಲಿ ಗುರುತುಗಳನ್ನು ಒಂದೊಂದಾಗಿ ಹೇಳಬೇಕು, ಹೋಗುವುದೂ ಬರುವುದೂ. ಭಾನುವಾರ ಅದನ್ನೇ ಊರಿಗೆಲ್ಲ ಕೇಳಿಸುವುದು.

ಇಬ್ಬರೂ ಮನೆಯತ್ತ ನಡೆದರು. ಅಂಗಡಿಸಾಲಿನ ತಿರುವಿನಲ್ಲಿ ಯಾವ ಕಡೆ ಎಂದು ತಿಳಿಯದೆ ಗಂಡ ನಿಂತ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಹಿಂಬಾಲಿಸಿದ.

“ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?” ಎಂದ ಆಮೇಲೆ.

“ಇದೆ ರೀ. ನೀರಿನ ಮೇಲಿಲ್ಲ.”

ಮಧ್ಯಾಹ್ನ ಮಗಳು ರೇಡಿಯೊಳನ್ನು ಕೋಟಿನ ಅಳತೆ ನೋಡಿಸಲು ಬಿಟ್ಟುಹೋದಳು. ಹುಡುಗಿ ಕೋಟು ಹಾಕಿಕೊಂಡವಳು ಬಿಚ್ಚಲು ಒಪ್ಪಲಿಲ್ಲ.

“ಅಜ್ಜೀ, ನಾನು ಎಲ್ಲಿ ನಿಲ್ತೀನಿ ಗೊತ್ತಾ? ಎಲ್ಲರಿಗಿಂತ ಮುಂದೆ! ಬಂಡೆ ಕಂಡ್ರೆ ನಾನೇ ಮೊದಲು ನೋಡೋದು!”

“ನೋಡಿ ಏನ್ ಮಾಡ್ತೀಯೇ?”

“ಕೂಗ್ತೀನಿ! ನನ್ನ ಗಂಟಲು ಸಾಕಾಗಲ್ವಾ?”

“ಆ ಗಂಟಲಿಗೆ ಬಂಡೇನೇ ಪಕ್ಕಕ್ಕೆ ಸರಿಯುತ್ತೆ,” ಎಂದ ಗಂಡ. “ಬಾರೇ, ಸಣ್ಣ ದೋಣೀಲಿ ಒಂದು ಸುತ್ತು ಹಾಕ್ಕೊಂಡು ಬರೋಣ.” ಬೇಡ ಎನ್ನಲು ಅವಳಿಗೆ ಕಾರಣ ಹೊಳೆಯುವ ಮೊದಲೇ ತಾತ ಮೊಮ್ಮಗಳು ಬಾಗಿಲು ದಾಟಿದ್ದರು. ಅವಳು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆಯೇ ಓಡಿದಳು.

ಬಂದರಿನ ಒಳಗಿನ ನೀರು ಕೊಳದ ಹಾಗೆ ಸುಮ್ಮನಿತ್ತು. ಅಲ್ಲಿ ಮಕ್ಕಳೂ ದೋಣಿ ನಡೆಸುತ್ತಾರೆ. ಒಂದೇ ಒಂದು ಕಡೆ ಎಚ್ಚರವಿರಬೇಕು: ಹಳೆ ಜೆಟ್ಟಿ ಕುಸಿದ ಜಾಗದಲ್ಲಿ ಕಬ್ಬಿಣದ ಕಂಬಗಳು ನೀರಿನಡಿ ಮುರಿದು ನಿಂತಿವೆ. ಗುರುತಿಗೆ ಒಂದು ಕೆಂಪು ಪೀಪಾಯಿ ತೇಲುತ್ತಿರುತ್ತದೆ. ಅದರ ಎಡಕ್ಕೆ ದಾರಿ, ಬಲಕ್ಕೆ ಕಂಬ. ಅವನು ಹುಟ್ಟು ಹಾಕುವುದರಲ್ಲಿ ಏನೂ ಬದಲಾಗಿರಲಿಲ್ಲ. ಬೆನ್ನು ಬಾಗುವುದು, ಮೊಣಕೈ ಮಡಚುವುದು, ಎಲ್ಲ ಮೈಗೆ ನೆನಪಿತ್ತು. ದಡದಲ್ಲಿ ನಿಂತು ನೋಡುತ್ತ ನೋಡುತ್ತ ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಕೈ ಮರೆಯುವುದಿಲ್ಲವೇನೋ, ಬಾಯಿ ಮಾತ್ರ ಮರೆಯುತ್ತದೇನೋ ಎಂದುಕೊಂಡಳು.

ಆಗ ದೋಣಿಯ ಮೂತಿ ಬಲಕ್ಕೆ ತಿರುಗಿತು.

ರೇಡಿಯೊ ಮುಂಭಾಗದಲ್ಲಿ ಎದ್ದು ನಿಂತು, ಒಂದು ಕೈ ಹುಬ್ಬಿಗೆ ಹಚ್ಚಿ, ಆಚೆ ಯಾವುದೋ ನೆಲ ಹುಡುಕುವ ನಟನೆ ಮಾಡುತ್ತಿದ್ದಳು. ಪೀಪಾಯಿ ಎಡಕ್ಕೆ ಸರಿಯತೊಡಗಿತು.

“ಎಡಕ್ಕೆ!” ಎಂದು ಅವಳು ಕಿರುಚಿದಳು. “ರೀ, ಎಡಕ್ಕೆ! ಎಡಕ್ಕೇ!”

ಜೆಟ್ಟಿಯ ಮೇಲೆ ಬಲೆ ಹೆಣೆಯುತ್ತಿದ್ದವರು ತಲೆಯೆತ್ತಿದರು. ದೋಣಿಯಲ್ಲಿ ಅವನು ಹುಟ್ಟು ನಿಲ್ಲಿಸಿದ. ಅವಳ ಕಡೆ ನೋಡಿದ. ಆಮೇಲೆ ಮಾತು ಕೇಳುವ ಶಾಲೆಯ ಹುಡುಗನಂತೆ, ಒಂದೇ ಎಳೆತಕ್ಕೆ ದೋಣಿಯನ್ನು ಎಡಕ್ಕೆ ತಿರುಗಿಸಿದ. ಎಲ್ಲಿಯೋ ಏನೋ ಉಜ್ಜಿದ ಸದ್ದು. ಅಷ್ಟೇ. ಮರ ತಡೆಯಿತು.

ದಡಕ್ಕೆ ಬಂದಾಗ ಹುಡುಗಿ ಕುಣಿಯುತ್ತಿದ್ದಳು. “ಅಜ್ಜಿ ನನಗಿಂತ ಜೋರು! ತಾತ ನಿನ್ನನ್ನ ಹೆದರಿಸೋಕೆ ಹಾಗೆ ಮಾಡಿದ್ರು ಅಲ್ವಾ ತಾತ?”

“ಮತ್ತೆ!” ಎಂದ ಅವನು. ಅವನ ಕಣ್ಣು ನಗಲಿಲ್ಲ. ಹಗ್ಗ ಕಟ್ಟುವಾಗ ಗಂಟು ಎರಡು ಸಲ ಬಿಚ್ಚಿಕೊಂಡಿತು.

ಮನೆಯತ್ತ ನಡೆಯುತ್ತ ಅವಳು ತಿರುಗಿ ನೋಡಿದಳು. ಬಂದರಿನ ಬಾಯಾಚೆ, ದೂರದಲ್ಲಿ, ಬಿಳಿ ನೊರೆಯ ಗೆರೆಯೊಂದು ಕಾಣುತ್ತಿತ್ತು. ಹಲ್ಲು. ತನ್ನ ದನಿ ಪೀಪಾಯಿಯವರೆಗೆ ಮುಟ್ಟಿತು. ಅಲ್ಲಿಗೆ? ಅಲ್ಲಿಗೆ ಯಾವ ಹೆಂಡತಿಯ ದನಿಯೂ ಮುಟ್ಟುವುದಿಲ್ಲ. ಹಿಂದೆ ದೂರದಲ್ಲಿಟ್ಟ ಲಾಂಚು ಬರುವಷ್ಟರಲ್ಲಿ ನೀಲಿ ಕೋಟುಗಳು ಒದ್ದೆಯಾಗಿ ಭಾರವಾಗಿರುತ್ತವೆ. ಆ ಬಟ್ಟೆ ಆರಿಸಿದವಳು ತಾನು. ಗಟ್ಟಿ ಇರಲಿ, ಚಳಿಗಾಳಿಗೆ ಒಳ್ಳೆಯದು ಎಂದು ದಪ್ಪನೆಯದನ್ನೇ ಆರಿಸಿದ್ದಳು. ಯೋಚನೆ ಅಲ್ಲಿಗೆ ಬಂದದ್ದೇ ದಾರಿಬದಿಯ ಗೋಡೆ ಹಿಡಿದು ನಿಂತಳು.

ಅತ್ತೆ ಹಿಂಬದಿಯ ಕೋಣೆಯಲ್ಲಿ ಕಿಟಕಿಯ ಹತ್ತಿರ ಕೂತು, ಭಾನುವಾರಕ್ಕೆಂದು ತಮ್ಮ ಕನ್ನಡಕ ಒರೆಸುತ್ತಿದ್ದರು. ವಯಸ್ಸು ಎಂಬತ್ತು ದಾಟಿತ್ತು, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಅವಳು ಬಾಗಿಲು ಹಾಕಿಕೊಂಡು ಎದುರಿಗೆ ಕೂತಳು.

“ಅತ್ತೆ, ಇವರಿಗೆ ಈಗೀಗ ಮರೆವು. ಗುರುತು ತಪ್ತಾರೆ. ಇವತ್ತು ಪೀಪಾಯಿ ಹತ್ರ...”

“ಗೊತ್ತು,” ಎಂದರು ಅತ್ತೆ.

ಬೈಯುತ್ತಾರೆ, ಅಲ್ಲಗಳೆಯುತ್ತಾರೆ ಎಂದು ಸಿದ್ಧವಾಗಿ ಬಂದಿದ್ದಳು ಅವಳು.

“ನಿನ್ನ ಮಾವನಿಗೂ ಹೀಗೇ ಶುರುವಾಗಿತ್ತು. ಇದೇ ವಯಸ್ಸಿಗೆ. ನಾನು ಹೇಳಿಕೊಡ್ತಿದ್ದೆ. ಬೆಳಗ್ಗೆ ಹೊರಡೋ ಮುಂಚೆ ಕಿವೀಲಿ ಎಲ್ಲಾ ಒಂದು ಸಲ ಹೇಳಿ ಕಳಿಸ್ತಿದ್ದೆ, ಮಗೂಗೆ ಪಾಠ ಹೇಳಿದ ಹಾಗೆ. ಯಾರಿಗೂ ಗೊತ್ತಾಗಲಿಲ್ಲ. ಮಗನಿಗೂ.”

“ನನಗೂ ಹೇಳಲಿಲ್ಲ ನೀವು.”

“ಹೇಳೋದೇನಿದೆ? ನೀನೂ ಹೇಳಿಕೊಡು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಈ ಮನೆಗೆ ಇರೋದು ಅದೊಂದೇ.”

“ಹೇಳಿಕೊಟ್ಟದ್ದು ನೆನಪಿಲ್ಲದೇ ಇದ್ರೆ ಅತ್ತೆ? ಅಲ್ಲಿ ನಡುನೀರಲ್ಲಿ?”

ಅತ್ತೆ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು.

“ದಿನಾ ಹೆದರ್ತಿದ್ದೆ ಕಣೆ,” ಎಂದರು ಅತ್ತೆ ಮೆಲ್ಲನೆ. “ಅವರು ಹೋದ ಹೊತ್ತಿಂದ ವಾಪಸ್ ಬರೋವರೆಗೂ ಹೊಟ್ಟೆಗೆ ತುತ್ತು ಇಳೀತಿರಲಿಲ್ಲ. ಒಗೆದಿದ್ದನ್ನೇ ಮತ್ತೆ ಒಗೀತಿದ್ದೆ. ಏನೂ ಆಗಲಿಲ್ಲ ನೋಡು. ಹಾಸಿಗೆ ಮೇಲೇ ಹೋದ್ರು. ಮರ್ಯಾದೆಯಿಂದ.”

‘ಅವರ ಹಡಗಿನಲ್ಲಿ ಮಕ್ಕಳಿರಲಿಲ್ಲ ಅತ್ತೆ.’ ಈ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಆ ಮುದುಕಿಯ ಬದುಕಿನ ಲೆಕ್ಕವೇ ತಪ್ಪೆಂದು ಹೇಳಿದ ಹಾಗಾಗುತ್ತಿತ್ತು. ಅವಳು ಎದ್ದು ಅತ್ತೆಯ ಹೆಗಲ ಮೇಲಿನ ಹೊದಿಕೆ ಸರಿಮಾಡಿ ಹೊರಗೆ ಬಂದಳು.

ಯಾರಿಗೆ ಹೇಳುವುದು? ಹಲ್ಲಿನ ಡಾಕ್ಟರಿಗೆ ಹೇಳಿದರೆ, ಹೆಂಗಸಿನ ಹೆದರಿಕೆ ಎಂದು ನಕ್ಕು, ಅದೇ ಗಳಿಗೆಯಲ್ಲಿ ಗಂಡನನ್ನು ಕರೆದು ಕೇಳುತ್ತಾರೆ. ಅವನು ಇಲ್ಲ ಎನ್ನುತ್ತಾನೆ. ಸಂಜೆಯ ಬೆಳಕಿನಲ್ಲಿ, ನೆಟ್ಟಗೆ ನಿಂತು, ಮೂವತ್ತು ವರ್ಷ ಹಡಗುಗಳನ್ನು ಒಳತಂದ ದನಿಯಲ್ಲಿ ಇಲ್ಲ ಎಂದರೆ ಯಾರು ಅವಳನ್ನು ನಂಬುತ್ತಾರೆ? ಮಗಳಿಗೆ ಹೇಳಿ ರೇಡಿಯೊಳನ್ನು ದೋಣಿಯಿಂದ ಇಳಿಸಿಕೊಳ್ಳಬಹುದು. ಉಳಿದ ಹತ್ತು ಕೋಟುಗಳು? ಅವನ್ನೂ ಅವಳೇ ಹೊಲಿದದ್ದು. ಒಂದೊಂದು ತೋಳಿನ ಉದ್ದವೂ ಅವಳಿಗೆ ಗೊತ್ತು.

ಅಡುಗೆಮನೆಗೆ ಹೋಗಿ ರಾತ್ರಿಯ ಊಟಕ್ಕೆ ತರಕಾರಿ ಹೆಚ್ಚಲು ಕೂತಳು. ಇನ್ನೂ ಕತ್ತಲಾಗಿರಲಿಲ್ಲ. ಗಂಡ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

“ನನಗೇನೂ ಆಗಿಲ್ಲ ಅಲ್ವಾ?” ಎಂದ.

ಚಾಕು ನಿಂತಿತು. ಇಷ್ಟು ದಿನಗಳಲ್ಲಿ ಅವನು ಅದನ್ನು ಕೇಳಿದ್ದು ಇದೇ ಮೊದಲು. ಆ ಮುಖದಲ್ಲಿದ್ದದ್ದು ಅವಳದೇ ಭಯ. ಅವನೂ ಒಬ್ಬನೇ ಅದನ್ನು ಹೊತ್ತು ತಿರುಗುತ್ತಿದ್ದ, ಅವಳಿಂದ ಬಚ್ಚಿಟ್ಟು. ‘ಆಗಿದೆ ರೀ’ ಎಂದುಬಿಡಬಹುದಿತ್ತು. ಬಾಯಿ ತೆರೆದಳು ಕೂಡ. ಮರುಕ್ಷಣಕ್ಕೆ ಅವನೇ, ಉತ್ತರ ಬೇಡವೆಂಬಂತೆ, “ವಯಸ್ಸಾಯ್ತು, ಅಷ್ಟೇ” ಎಂದು ನಕ್ಕ. “ನಾಳೆ ನೀನು ನನ್ನ ಪಕ್ಕದಲ್ಲೇ ನಿಂತ್ಕೋ. ಮೈಕ್ ಅಂದ್ರೆ ನನಗೆ ಆಗಲ್ಲ.”

“ನಿಂತ್ಕೋತೀನಿ.”

“ತೀರಾ ಪಕ್ಕದಲ್ಲಿ.”

“ಹೂಂ ರೀ. ನಿಮ್ಮ ಪಕ್ಕದಲ್ಲೇ.”

ಅವನು ಸಮಾಧಾನದಿಂದ ಹಿತ್ತಲಿಗೆ ಹೋದ. ಹಿತ್ತಲ ಕಟ್ಟೆಯ ಮೇಲೆ ಕೂತು ನಾಳಿನ ತಾಲೀಮಿಗೆ ತಾಲೀಮು ಶುರುಮಾಡಿದ. ಕಿಟಕಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ನಾಳೆ ದೋಣಿ ಹಗ್ಗಕ್ಕೆ ಕಟ್ಟಿರುತ್ತದೆ. ಕೆಳಗೆ ಸೊಂಟದಷ್ಟೂ ನೀರಿರುವುದಿಲ್ಲ. ಊರೆಲ್ಲ ಕೇಳುತ್ತಿರುತ್ತದೆ. ಅವನು ತಡವರಿಸಿದರೆ, ಬಲಕ್ಕೆ ಎಂದರೆ, ಬಡಗಿಗೆ ತಿಳಿಯುತ್ತದೆ, ಬಲೆಯವರಿಗೆ ತಿಳಿಯುತ್ತದೆ, ಹಲ್ಲಿನ ಡಾಕ್ಟರಿಗೂ ತಿಳಿಯುತ್ತದೆ. ಯಾರೂ ಸಾಯುವುದಿಲ್ಲ. ಅವನೊಬ್ಬ ಸ್ವಲ್ಪ ಸಾಯುತ್ತಾನೆ. ಅಷ್ಟು ಜನರ ಎದುರು, ಹೆಂಡತಿ ಪಕ್ಕದಲ್ಲಿರುವಾಗಲೇ. ಅವನು ತಿರುಗಿ ನೋಡುತ್ತಾನೆ. ಆ ನೋಟವನ್ನು ತಾನು ಎದುರಿಸಬೇಕು. ಅಕಸ್ಮಾತ್ ನಾಳೆ ಒಂದು ದಿನ ಎಲ್ಲವನ್ನೂ ಸರಿಯಾಗಿ ಹೇಳಿಬಿಟ್ಟರೆ? ಗಂಡ ತಪ್ಪಲಿ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆ ಎನ್ನುವುದು ಆಗಲೇ ಅವಳಿಗೆ ತಿಳಿದದ್ದು. ಸರಿಯಾಗಿ ಹೇಳಿಬಿಟ್ಟರೆ ಆ ಮೈಕನ್ನು ಅವನ ಕೈಯಿಂದ ತೆಗೆದುಕೊಂಡು, ಇವರಿಗೆ ಮರೆವು ಎಂದು ತಾನೇ ಹೇಳಬೇಕಾಗುತ್ತದೆ. ಹೇಳುತ್ತಾಳೆ. ಆದರೆ ಅವನು ಪದ ಸಿಗದೆ ನಿಂತರೆ, ಈ ಸಲ ಎತ್ತಿಕೊಡುವುದಿಲ್ಲ.

“ನೀರಿನ ತೊಟ್ಟಿ ಬೆನ್ನಿಗಿರಲಿ,” ಎನ್ನುತ್ತಿದ್ದ ಅವನು ಹೊರಗೆ. “ಗಂಟೆಗೋಪುರ ಬಲಗಿವಿಗಿರಲಿ. ಚಿಮಣಿ ದೀಪದ ಹಿಂದೆ ಅಡಗಿತೋ...”

ದನಿ ನಿಂತಿತು. ಅವಳು ಚಾಕುವನ್ನು ಮಣೆಯ ಮೇಲೆ ಇಟ್ಟಳು. ಅವನು ಕಾಯುತ್ತಿದ್ದ. ತಿರುಗಿ ನೋಡುತ್ತಿರಲಿಲ್ಲ, ಆದರೆ ಆ ಬೆನ್ನು ಕಾಯುತ್ತಿತ್ತು. ಕಿಟಕಿಯೊಳಗಿಂದ ಒಂದು ಪದ ಬರುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಆ ಪದ ಅವಳ ಹಲ್ಲಿನ ಹಿಂದೆಯೇ ಇತ್ತು. ಅವಳು ಎರಡೂ ತುಟಿ ಒತ್ತಿ ಹಿಡಿದಳು.

“ಏ,” ಎಂದು ಕರೆದ ಅವನು ಸ್ವಲ್ಪ ಹೊತ್ತಿನ ಮೇಲೆ. “ಇದ್ದೀಯಾ?”

“ಇದ್ದೀನಿ ರೀ,” ಎಂದಳು ಅವಳು.

ಮತ್ತೇನೂ ಹೇಳಲಿಲ್ಲ.